ಜಾಂಬಣ್ಣನ ಜೀಪಿಗೆ ಬಿದ್ದ ಹಾರ

ಕಲ್ಲುಗುಡ್ಡಗಳ ಒಂದು ಕಾಡಿನಲ್ಲಿ ಜಾಂಬಣ್ಣ ಎಂಬ ಕರಡಿ ಇದ್ದ. ಅವನಿಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ. ಇದ್ದದ್ದು ಒಂದು ಹಳೇ ಜೀಪು. ಯಾರೋ ಮನುಷ್ಯರು ಹಳ್ಳದಲ್ಲಿ ಬಿಟ್ಟುಹೋಗಿದ್ದ ಅದನ್ನು ಎಳೆದು ತಂದು, ತಿಕ್ಕಿ ತೊಳೆದು, ತಾನೇ ರಿಪೇರಿ ಮಾಡಿಕೊಂಡಿದ್ದ. ದಿನಾ ಬೆಳಿಗ್ಗೆ ಮುದಿ ಜಿಂಕೆ, ಬಸುರಿ ಮೊಲ, ಕಾಲುನೋವಿನ ಕಾಡುಹಂದಿ ಇಂಥವರನ್ನು ಗುಡ್ಡದಾಚೆಯ ಕೆರೆಗೆ ನೀರು ಕುಡಿಯಲು ಕರೆದೊಯ್ಯುತ್ತಿದ್ದ.

ಹತ್ತುವವರೆಲ್ಲ ಹಿಂದೆಯೇ ಹತ್ತುತ್ತಿದ್ದರು. ತಮ್ಮತಮ್ಮಲ್ಲೇ ಮಾತಾಡಿ ನಗುತ್ತಿದ್ದರು. ಕರಡಿಯ ಪಕ್ಕದ ಸೀಟಿನಲ್ಲಿ ಮಾತ್ರ ಯಾರೂ ಕೂರುತ್ತಿರಲಿಲ್ಲ. ಅವನ ಉಗುರು ಕಂಡರೆ ಅವರಿಗೆ ಭಯ. ಪಾಪ, ಆ ಉಗುರಿನಿಂದ ಅವನು ಹುತ್ತ ಕೆದಕಿದ್ದು ಬಿಟ್ಟರೆ ಬೋಲ್ಟು ಬಿಗಿಮಾಡಿದ್ದಷ್ಟೇ!

ಆಯುಧಪೂಜೆ ಬಂತು. ಕಾಡಿನಲ್ಲೂ ಆಯುಧಪೂಜೆ ಉಂಟು ಮಕ್ಕಳೇ. ಹಂದಿ ತನ್ನ ಕೋರೆಗೆ ಕುಂಕುಮ ಹಚ್ಚಿಕೊಂಡಿತು. ಮುಳ್ಳುಹಂದಿ ಮುಳ್ಳುಮುಳ್ಳಿಗೂ ಹೂ ಸಿಕ್ಕಿಸಿಕೊಂಡಿತು. ಒಬ್ಬರ ಮನೆಗೆ ಒಬ್ಬರು ಹೋಗಿ ಮಂಡಕ್ಕಿ ತಿಂದರು. ಜಾಂಬಣ್ಣನ ಗುಹೆಗೆ ಯಾರೂ ಬರಲಿಲ್ಲ. ತೊಳೆದ ಜೀಪಿನ ಪಕ್ಕ ಅವನೊಬ್ಬನೇ ಸಂಜೆತನಕ ಕೂತಿದ್ದ.

ಆಗ ಬಂದ ತಿಪ್ಪಣ್ಣ ಎಂಬ ನರಿ. ಜೀಪಿನ ಮೆತ್ತನೆ ಸೀಟಿನ ಮೇಲೆ ಅವನಿಗೆ ಬಹಳ ದಿನದಿಂದ ಕಣ್ಣು. ಗಾಡಿ ಕೆಟ್ಟು ನಿಂತರೆ ಅದನ್ನೇ ಮನೆ ಮಾಡಿಕೊಂಡು ಮಲಗಬಹುದೆಂಬ ಆಸೆ. ಹೆಗಲ ಮೇಲೆ ತೊಡೆಗಾತ್ರದ ಚೆಂಡುಹೂವಿನ ಹಾರ ಹೊತ್ತು ತಂದಿದ್ದ.

"ಜಾಂಬಣ್ಣ, ಎಲ್ಲಾರಿಗೂ ನೀರು ಕಾಣಿಸೋ ಗಾಡಿಗೆ ಒಂದು ಹೂವಿಲ್ಲಂದ್ರ ಹ್ಯಾಂಗ? ನೀ ಕುಂತಿರು, ನಾ ಕಟ್ಟತೀನಿ."

ಜೀಪಿನ ಮುಂದಿನ ಜಾಲರಿಗೆ ಅಡ್ಡಡ್ಡ ಸುತ್ತಿ ಹಾರ ಕಟ್ಟಿದ. "ಇದು ನನ್ನ ಪ್ರೀತಿಯ ಹಾರ. ಒಣಗಿದ್ರೂ ಬಿಚ್ಚಬ್ಯಾಡ. ಬಿಚ್ಚಿದ್ರ ನನ್ನೇ ಬಿಟ್ಟಾಂಗ" ಎಂದ.

ಕರಡಿ ಹಾರದ ಹೂವನ್ನು ಮೂಸಿ ಮೂಸಿ ನೋಡಿದ. ಅವನಿಗಾಗಿ ಯಾರೂ ಒಂದು ಎಲೆ ಕೂಡ ತಂದವರಲ್ಲ. ಮರುದಿನ ನರಿ ಮುಂದಿನ ಸೀಟಿನಲ್ಲೇ ಬಂದು ಕೂತಾಗಂತೂ ಸಂತೋಷಕ್ಕೆ ಸುಮ್ಮಸುಮ್ಮನೆ ಹಾರ್ನ್ ಹೊಡೆದ.

ಅಂದಿನಿಂದಲೇ ಜೀಪು ಏರು ಹತ್ತುವಾಗ ಕುದಿಯತೊಡಗಿತು. ಬಿಸಿ ತೋರಿಸುವ ಮೀಟರಿನ ಮುಳ್ಳು ಕೆಂಪಿಗೆ ಏರುತ್ತಿತ್ತು. ಬಾನೆಟ್ಟಿನಿಂದ ಬುಸುಬುಸು ಆವಿ ಬರುತ್ತಿತ್ತು. ಹಿಂದಿದ್ದವರು ಹೆದರಿ ಧುಮುಕಿ ನಡೆದೇ ಹೋದರು. ಆಮೇಲೆ ಹತ್ತುವುದನ್ನೂ ಬಿಟ್ಟರು.

"ವಯಸ್ಸಾತು ಬಿಡು ಗಾಡಿಗೆ" ಎಂದು ನರಿ ಲೊಚಗುಟ್ಟಿದ.

ಜಾಂಬಣ್ಣ ಎಲ್ಲ ನೋಡಿದ. ರೇಡಿಯೇಟರಿಗೆ ನೀರು ತುಂಬಿಸಿದ. ಪೈಪುಗಳನ್ನು ತಡವಿ ನೋಡಿದ, ಸೋರಿಕೆ ಇಲ್ಲ. ಫ್ಯಾನಿನ ಬೆಲ್ಟ್ ಬಿಗಿಮಾಡಿದ. ಹಾರದ ಹಿಂದೆ ಮಾತ್ರ ನೋಡಲಿಲ್ಲ. ಅನುಮಾನ ಬರಲಿಲ್ಲವೆಂದಲ್ಲ, ಬಂದಿತ್ತು. ಆದರೆ ಗಾಡಿ ಕುದ್ದರೆ ಕುದಿಯಲಿ, ಪಕ್ಕದ ಸೀಟು ಮತ್ತೆ ಖಾಲಿಯಾಗದಿದ್ದರೆ ಸಾಕು ಎಂದುಕೊಂಡ. ಒಂಟಿಯಾಗಿ ಬದುಕಿದವರಿಗೆ ಅದರ ಸಂಕಟ ಗೊತ್ತು.

ಒಂದು ದಿನ ಏರಿನ ನಡುವೆ ಒಣಮರವೊಂದರ ಕೆಳಗೆ ಜೀಪು ನಿಂತೇಬಿಟ್ಟಿತು.

"ಇನ್ನು ಮುಗೀತು" ಎಂದ ನರಿ. "ನೀ ಮನಿಗೆ ಹೋಗು. ಗಾಡಿ ನಾ ಕಾಯ್ತೀನಿ, ಇಲ್ಲೇ ಮಲಗ್ತೀನಿ."

ಕರಡಿ ಜೀಪಿನ ಮೈ ಸವರಿದ. ಕಣ್ಣು ತುಂಬಿ ಬಂತು. ಹೆಜ್ಜೆ ಎತ್ತಿದನೋ ಇಲ್ಲವೋ, ಮೇಲಿಂದ ಟಕಟಕ ಸದ್ದಾಯಿತು. ಆ ಮರದ ಮುದಿ ಮರಕುಟಿಗ, ಕೆಂಚವ್ವ. ಬಾಯಿ ಬಲು ಜೋರು.

"ತಡಿಯೋ ತಮ್ಮಾ! ಸತ್ತೈತೋ ಬದುಕೈತೋ ನೋಡದೆ ಅಳ್ತಾರೇನು? ತಣ್ಣಗಾಗ್ಲಿ, ಮತ್ತ ಚಾಲೂ ಮಾಡು."

ಗಾಡಿ ತಣ್ಣಗಾದ ಮೇಲೆ ಜಾಂಬಣ್ಣ ನೀರು ತುಂಬಿಸಿ ಚಾಲೂ ಮಾಡಿದ. ಕೆಂಚವ್ವ ಕೆಳಗಿಳಿದು ತನ್ನದೊಂದು ಗರಿ ಕಿತ್ತು, ಹಾರದ ಮುಂದೆ ಹಿಡಿದು ಬಿಟ್ಟಳು. ಗರಿ ನೆಟ್ಟಗೆ ನೆಲಕ್ಕೆ ಬಿತ್ತು.

"ನೋಡು. ಒಳಗ ಫ್ಯಾನು ತಿರುಗಾಕತ್ತೈತಿ. ಅದು ಗಾಳಿ ಎಳೆದಿದ್ರ ಗರಿ ಬಂದು ಜಾಲರಿಗೆ ಅಂಟಬೇಕಿತ್ತು. ಉಸಿರು ಕಟ್ಟಿದ್ರ ಗಾಡಿ ಕುದೀದೆ ಏನು ಮಾಡ್ತೈತಿ? ಆ ಹಾರ ಬಿಚ್ಚು."

ಕರಡಿ ನರಿಯ ಮುಖ ನೋಡಿದ. ಕೈ ಏಳಲಿಲ್ಲ. "ಪ್ರೀತಿಯಿಂದ ಕಟ್ಟಿದ್ದವ್ವ" ಎಂದ ಸಣ್ಣ ದನಿಯಲ್ಲಿ.

ಅಷ್ಟರಲ್ಲಿ ಮುಳ್ಳು ಮತ್ತೆ ಕೆಂಪಿಗೆ ಏರಿತ್ತು. ಎಲ್ಲಿ ಗುಟ್ಟು ಬಯಲಾಗುವುದೋ ಎಂದು ನರಿ ಬಂಪರಿನ ಮೇಲೆ ಹಾರಿದ. "ಹಾರದ್ದೇನೂ ತಪ್ಪಿಲ್ಲ! ನೀರೇ ಕಮ್ಮಿ ಐತಿ, ತೋರಸ್ತೀನಿ ನೋಡು!" ಎಂದು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ.

"ಬ್ಯಾಡೋ, ಸುಡ್ತೈತಿ!" ಎಂದು ಕರಡಿ ಕೂಗಿದ.

ನರಿ ಕೇಳಲಿಲ್ಲ, ತಿರುವಿದ. ಭುಸ್ಸೆಂದು ಕುದಿನೀರು ಚಿಮ್ಮಿ ಮುಖಕ್ಕೆ ಬಡಿಯಿತು. ಊಳಿಡುತ್ತಾ ಹಿಂದಕ್ಕೆ ಬೀಳುವಾಗ ಕೈಗೆ ಸಿಕ್ಕ ಹಾರವನ್ನೇ ಹಿಡಿದು ಜೋತುಬಿದ್ದ. ಹಾರ ಹರಿಯಿತು. ಹಾರ ಕಟ್ಟುವಾಗ ಅವನೇ ಅದರ ಹಿಂದೆ ಗಟ್ಟಿಯಾಗಿ ತುರುಕಿದ್ದ ಗೋಣಿತಟ್ಟು ಅವನ ಮೇಲೆಯೇ ಬಿತ್ತು. ಹೂವಿನ ನಡುವೆ ಕಾಣದಿರಲೆಂದು ಮೆತ್ತಿದ್ದ ಅರಿಶಿನ ಒಣಗಿ ಅದು ಹಲಗೆಯಂತಾಗಿತ್ತು. ಮಾಡಿದ್ದುಣ್ಣೋ ಮಾರಾಯ! ಮೀಸೆ ಸುಟ್ಟ ತಿಪ್ಪಣ್ಣ ಕುಂಯ್‌ಗುಟ್ಟುತ್ತಾ ಓಡಿದವನು ಆ ದಾರಿಗೆ ಮತ್ತೆ ಬರಲಿಲ್ಲ.

ಜೀಪು ಆರಿದ ಮೇಲೆ ಜಾಂಬಣ್ಣ ನೀರು ತುಂಬಿಸಿ ಚಾಲೂ ಮಾಡಿದ. ಈಗ ಕೆಂಚವ್ವ ಬಿಟ್ಟ ಗರಿ ಹಾರಿಹೋಗಿ ಜಾಲರಿಗೆ ಅಂಟಿಕೊಂಡಿತು. ಮುಳ್ಳು ಕೆಂಪಿನ ಕಡೆ ಕದಲಲಿಲ್ಲ. ಗಾಡಿ ಗುಣವಾಯಿತು. ಕರಡಿಯ ಎದೆ ಮಾತ್ರ ಭಾರವಾಗಿಯೇ ಇತ್ತು. ಪಕ್ಕದ ಸೀಟನ್ನು ಅಂಗೈಯಿಂದ ಒರೆಸಿ, "ಬಾ ಅವ್ವ, ಕೂತ್ಕೋ. ಕೆರೀತನಕ ಹೋಗಿ ಬರೂಣು" ಎಂದ.

"ನನಗ ಗಾಡಿ ಆಗಿಬರಂಗಿಲ್ಲ, ತಲಿ ತಿರುಗ್ತೈತಿ" ಎಂದು ಕೆಂಚವ್ವ ಮರಕ್ಕೆ ಹಾರಿದಳು.

ಜಾಂಬಣ್ಣ ಒಬ್ಬನೇ ಹೊರಟ. ಗಾಡಿ ಕುದಿಯುತ್ತಿಲ್ಲವೆಂದು ತಿಳಿದು ಕಾಡಿನವರು ಮತ್ತೆ ಹಿಂದೆ ಹತ್ತಿದರು, ತಮ್ಮತಮ್ಮಲ್ಲೇ ನಕ್ಕರು, ಇಳಿದು ಹೋದರು. ಮುಂದಿನ ಸೀಟು ಖಾಲಿಯೇ ಉಳಿಯಿತು. ಆದರೆ ದಿನಾ ಆ ಒಣಮರದ ಹತ್ತಿರ ಅವನು ಜೀಪನ್ನು ನಿಧಾನ ಮಾಡುತ್ತಿದ್ದ. ಮೇಲಿಂದ ಒಂದು ದನಿ ಬೈಯುವಂತೆ ಕೇಳುತ್ತಿತ್ತು:

"ಬಿಸಿ ಆಗೈತೇನೋ?"

"ಇಲ್ಲವ್ವ."

ಅಷ್ಟೇ ಮಾತು. ಮರುದಿನ ಆ ಏರು ಹತ್ತುವತನಕ ಅವನಿಗೆ ಅದು ಸಾಕಾಗುತ್ತಿತ್ತು.

ನೀತಿ: ಹಾರ ಹಾಕಿದವರೆಲ್ಲ ನಂಟರಲ್ಲ, ಗದರಿ ಕೇಳುವವರೆಲ್ಲ ಹಗೆಗಳಲ್ಲ, ಒಂಟಿತನಕ್ಕೆ ಅಂಜಿ ಮೋಸವನ್ನು ಕಂಡೂ ಕಾಣದಂತಿರಬಾರದು.