ಪೈಲಟ್ ಕೂತ ಕುರ್ಚಿ

ಹೊಸ ವಿಮಾನಗಳನ್ನು ಮೊದಲು ಹಾರಿಸಿ ನೋಡುವ ಟೆಸ್ಟ್ ಪೈಲಟ್ ಬೆಳ್ಯಪ್ಪನವರು ನಮ್ಮೂರ ಕ್ಲಬ್ಬಿಗೆ ಭಾಷಣಕ್ಕೆ ಬಂದಿದ್ದರು. ಭಾಷಣ ಮುಗಿದದ್ದೇ ತಡ, ಜನ ಹಸ್ತಾಕ್ಷರಕ್ಕೆ ಮುಗಿಬಿದ್ದರು. ಕ್ಲಬ್ಬಿನ ಅಧ್ಯಕ್ಷ ಚಂದ್ರಮೌಳಿ ಮೈಕ್ ಹಿಡಿದರು.

"ವೇದಿಕೆ ಮೇಲಿದ್ದವರಿಗೆ ಮಾತ್ರ ಹಸ್ತಾಕ್ಷರ. ಮಿಕ್ಕವರು ಹೊರಡಿ."

ಪೈಲಟ್ ಬಿಟ್ಟರೆ ವೇದಿಕೆ ಮೇಲಿದ್ದವರು ಅಧ್ಯಕ್ಷರು, ಅವರ ಹೆಂಡತಿ, ಅವರ ಭಾವಮೈದ.

ಸಭೆಗೆ ಕುರ್ಚಿ ಬಾಡಿಗೆ ಕೊಟ್ಟಿದ್ದ ಶಾಮಿಯಾನದ ದಸ್ತಗೀರ್ ಸೀದಾ ವೇದಿಕೆ ಹತ್ತಿದ.

"ಕುರ್ಚಿ ಎತ್ತೋಕೆ ಬಂದ್ಯೇನಯ್ಯ? ಬೇಗ ಎತ್ತು" ಎಂದರು ಅಧ್ಯಕ್ಷರು.

ದಸ್ತಗೀರ್ ಪೈಲಟ್ ಕೂತಿದ್ದ ಪ್ಲಾಸ್ಟಿಕ್ ಕುರ್ಚಿಯನ್ನೇ ಎತ್ತಿ ಅವರ ಮುಂದೆ ಹಿಡಿದ.

"ಇದರ ಬೆನ್ನಿಗೊಂದು ಸೈನ್ ಹಾಕಿ ಸಾರ್. ಬೆಳಗ್ಗೆಯಿಂದ ಇದು ವೇದಿಕೆ ಮೇಲೇ ಇದೆ. ಅಧ್ಯಕ್ಷರಿಗಿಂತ ಮುಂಚೆ ಬಂದಿದೆ."

ಪೈಲಟ್ ಹೊಟ್ಟೆ ಹಿಡಿದು ನಕ್ಕರು. ಕುರ್ಚಿಯ ಬೆನ್ನ ತುಂಬ ದಪ್ಪಕ್ಷರದಲ್ಲಿ ಸಹಿ ಹಾಕಿದರು.

ಊರಿಗೆ ಊರೇ ಆ ಕುರ್ಚಿ ನೋಡಲು ದಸ್ತಗೀರನ ಅಂಗಡಿಗೆ ಹೋಯಿತು. ಅಧ್ಯಕ್ಷರಿಗೆ ಸಿಕ್ಕ ಸಹಿ ನೋಡಲು ಅವರ ಮನೆಗೆ ಯಾರೂ ಹೋಗಲಿಲ್ಲ. ಕ್ಲಬ್ಬಿನ ಮುಂದಿನ ಸಭೆಗೆ ಅವರು ಹೇಳಿಕಳಿಸಿದರು: "ಆ ಕುರ್ಚಿ ನನಗೇ ಹಾಕಬೇಕು."

ಸಭೆಯ ದಿನ ನೋಡಿದರೆ ಕುರ್ಚಿ ಕಟ್ಟಕಡೆಯ ಸಾಲಿನಲ್ಲಿತ್ತು.

"ವೇದಿಕೆಗೆ ತಂದು ಹಾಕಯ್ಯ" ಎಂದು ಅಧ್ಯಕ್ಷರು ಗದರಿದರು.

"ವೇದಿಕೆಯವರಿಗೆ ಅವತ್ತೇ ಸೈನ್ ಸಿಕ್ಕಿದೆಯಲ್ಲ ಸಾರ್. ಇದು ಮಿಕ್ಕವರದ್ದು" ಎಂದ ದಸ್ತಗೀರ್. "ಬೇಕಾದ್ರೆ ನೀವೇ ಇಲ್ಲಿಗೆ ಬನ್ನಿ."

ಚಂದ್ರಮೌಳಿ ವೇದಿಕೆಯನ್ನೊಮ್ಮೆ ನೋಡಿದರು, ಕುರ್ಚಿಯನ್ನೊಮ್ಮೆ ನೋಡಿದರು. ಆವತ್ತಿನ ಸಭೆ ಅಧ್ಯಕ್ಷರಿಲ್ಲದೆ ನಡೆಯಿತು. ಅಧ್ಯಕ್ಷರು ಕೊನೇ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದರು.