ಕಿಂಡಿಯ ಆಚೆಗಿನ ಖಾಲಿ ಗರಿ

“ಗುರುಗಳೇ, ಯಾರೂ ತಪ್ಪು ಮಾಡದೆ ಕೆಲಸ ನಿಂತುಹೋಗುವುದುಂಟೆ?” ಎಂದು ನಾಗವೇಣಿ ಕೇಳಿದಳು.

ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶವಾದ ಕರ್ನಲ್‌ನಲ್ಲಿ ಕಡತಗಳನ್ನು ನೋಡಿಕೊಳ್ಳುವ ಭಾಗವನ್ನು ಅವಳು ಎರಡು ವರ್ಷ ಕೂತು ಬರೆದಿದ್ದಳು. ಮೂರು ದಿನದಿಂದ ಯಂತ್ರ ಮಿಸುಕಾಡಿರಲಿಲ್ಲ. ಅದರೊಳಗಿನ ಒಂದು ಕೆಲಸ, ಒಂದು ಸಲಕ್ಕೆ ಒಂದೇ ಕೆಲಸ ಹಿಡಿಯಬಹುದಾದ ಬೀಗವೊಂದು ಸಿಗಲೆಂದು ಕಾಯುತ್ತಿತ್ತು. ಬೀಗ ಹಿಡಿದ ಕಳ್ಳ ಯಾರೆಂದು ಸಂಜೆಯೊಳಗೆ ತಿಳಿಯದಿದ್ದರೆ ಅವಳು ಬರೆದದ್ದನ್ನೆಲ್ಲ ಮೇಲಿನವರು ಕಿತ್ತುಹಾಕುವವರಿದ್ದರು.

“ಬೀಗಕ್ಕೆ ಕಾಯುತ್ತಿರುವ ಆ ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ಜಾಲಾಡಿದೆ,” ಎಂದಳು.

ಗುರುಗಳು ಕತೆ ಹೇಳಿದರು.

ಒಂದು ಮಠದಲ್ಲಿ ತಾಳೆಗರಿ ಗ್ರಂಥಗಳ ಕೋಣೆಯಿತ್ತು. ಕಟ್ಟು ಬಿಚ್ಚಿದ ಮೇಲೆ ಬಾಗಿಲು ತೆರೆಯಬಾರದು, ಗಾಳಿಗೆ ಗರಿಗಳು ಚೆದುರುತ್ತವೆ. ಬರೆದ ಗರಿಯನ್ನು ನೆಲದ ಮೇಲೆ ಇಡಬಾರದು. ಈ ಎರಡು ನಿಯಮಗಳನ್ನು ಅಲ್ಲಿ ಯಾರೂ ಮೀರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಲಿಪಿಕಾರನೊಬ್ಬ ಒಳಗಿನಿಂದ ಅಗುಳಿ ಹಾಕಿ ಕಟ್ಟು ಬಿಚ್ಚಿದ. ಒಂದು ಗರಿ ಮುರಿದಿತ್ತು. ಹೊಸದನ್ನು ಬರೆದು ಸೇರಿಸದೆ ಮತ್ತೆ ಕಟ್ಟುವಂತಿಲ್ಲ. ಕಿಂಡಿಯಲ್ಲಿ ಕೂಗಿ ಖಾಲಿ ಗರಿ ಕೇಳಿದ. ಹೊರಗೆ ಖಾಲಿ ಗರಿ ಇದ್ದದ್ದು ಪೆಟ್ಟಿಗೆಯ ತಳದಲ್ಲಿ. ಅದರ ಮೇಲೆಲ್ಲ ಬರೆದ ಕಟ್ಟುಗಳು. ಅವುಗಳನ್ನು ನೆಲಕ್ಕಿಡುವಂತಿಲ್ಲ, ಕೋಣೆಯೊಳಗೇ ಇಡಬೇಕು, ಕಿಂಡಿಯಲ್ಲಿ ಕಟ್ಟು ತೂರದು. ಪೆಟ್ಟಿಗೆ ಕಾಯುವವನು ಅವುಗಳನ್ನು ಎರಡೂ ಕೈತುಂಬ ಹೊತ್ತು ಬಾಗಿಲ ಮುಂದೆ ಬಂದ. ಗ್ರಂಥ ಬಿಚ್ಚಿ ಕೂತವರನ್ನು ಕರೆಯಬಾರದೆಂದು ಸುಮ್ಮನೆ ನಿಂತ. ಹೊತ್ತು ಇಳಿಯಿತು. ಬಾಗಿಲು ಒಡೆಯೋಣವೆಂದು ಜನ ಹಾರೆ ತಂದರು. ಒಡೆದರೆ ಗ್ರಂಥದ ಗತಿ ಅಷ್ಟೇ.

ಅಡುಗೆಯ ಅಜ್ಜಿ ಅಡ್ಡ ಬಂದಳು.

“ಯಾರಿಗೆ ಕಾಯ್ತಿದ್ದೀಯಪ್ಪಾ?” ಎಂದು ಹೊರಗಿನವನನ್ನು ಕೇಳಿದಳು.

“ಒಳಗಿರೋರು ಬಾಗಿಲು ತೆಗೀಲಿ ಅಂತ, ಅಜ್ಜಿ.”

ಕಿಂಡಿಯಲ್ಲಿ ಒಳಗಿನವನನ್ನೂ ಅದನ್ನೇ ಕೇಳಿದಳು.

“ಹೊರಗಿರೋನು ಗರಿ ಕೊಡಲಿ ಅಂತ.”

ಅಜ್ಜಿ ಕೆನ್ನೆಗೆ ಕೈಹಚ್ಚಿ ಕೂತುಬಿಟ್ಟಳು. ಕಳ್ಳನೂ ಇಲ್ಲ, ಸೋಮಾರಿಯೂ ಇಲ್ಲ. ಇಬ್ಬರ ನಿಷ್ಠೆಯೇ ಸೇರಿಕೊಂಡು ಮಠದ ಕೆಲಸವನ್ನು ನಿಲ್ಲಿಸಿತ್ತು. ಇಂಥ ಸೋಜಿಗವನ್ನು ಅವಳು ಕಂಡಿರಲಿಲ್ಲ.

“ಶಿವನೇ! ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತಲ್ಲಪ್ಪಾ. ಬೆಳಗಿಂದ ನಿನ್ನನ್ನೇ ನೀನು ಕಾಯ್ತಾ ಕೂತಿದ್ದೀಯ!” ಎಂದು ಕಿಂಡಿಯಲ್ಲಿ ಹೇಳಿದಳು.

ಸೆರಗು ಹಾಸಿ ಬರೆದ ಕಟ್ಟುಗಳನ್ನೆಲ್ಲ ಮಡಿಲಲ್ಲಿ ಇಡಿಸಿಕೊಂಡಳು. ಕೈ ಬಿಡುವಾದ ಹೊರಗಿನವನು ತೆಗೆದುಕೊಟ್ಟ ತಳದ ಗರಿ ಕಿಂಡಿಯಿಂದ ಒಳಗೆ ಹೋಯಿತು. ದೀಪ ಹಚ್ಚುವ ಮೊದಲೇ ಅಗುಳಿ ಸರಿಯಿತು. ಮಾರನೆಯ ದಿನದಿಂದ ಖಾಲಿ ಗರಿ ಕೈಯಲ್ಲಿಲ್ಲದೆ ಅಲ್ಲಿ ಯಾರೂ ಅಗುಳಿ ಹಾಕಲಿಲ್ಲ.

ನಾಗವೇಣಿ ಕತೆಗೆ ತಲೆದೂಗಿದಳು. ಆದರೂ ಕೇಳಿದಳು: “ಹಾಗಾದರೆ ನನ್ನ ಕಳ್ಳನೆಲ್ಲಿ, ಗುರುಗಳೇ?”

“ಒಂದನ್ನು ಬಿಟ್ಟು ಎಲ್ಲವನ್ನೂ ಜಾಲಾಡಿದೆ ಎಂದೆಯಲ್ಲ ಮಗಳೇ, ಆ ಒಂದರ ಕೈ ಬಿಚ್ಚಿ ನೋಡು.”

ನಾಗವೇಣಿ ನೋಡಿದಳು. ಬೀಗ ಅಲ್ಲೇ ಇತ್ತು. ತಾನೇ ಹಿಡಿದಿದ್ದ ಬೀಗಕ್ಕಾಗಿ ಅದು ಮೂರು ದಿನದಿಂದ ಕಾಯುತ್ತಿತ್ತು.