ಅಕ್ಕಸಾಲಿಯ ಬದನೆಕಾಯಿ

"ಗುರುಗಳೇ, ಮನಸ್ಸು ಹಗುರಾಗಲಿ ಎಂದು ನೀವು ನನ್ನ ಕೈಗೆ ಕುಂಚ ಕೊಟ್ಟಿರಿ. ದಿನವೂ ಹಠ ಹಿಡಿದು ಕೂರುತ್ತಿದ್ದೇನೆ. ಈ ನೀರುಬಣ್ಣ ನನ್ನ ಮಾತನ್ನೇ ಕೇಳುವುದಿಲ್ಲ. ಕೂತಾಗ ಇದ್ದುದಕ್ಕಿಂತ ಏಳುವಾಗ ಹೆಚ್ಚು ದಣಿದಿರುತ್ತೇನೆ. ಇದರಲ್ಲಿ ಸಂತೋಷ ಸಿಗಬೇಕಾದರೆ ಇನ್ನೆಷ್ಟು ಹಠ ಬೇಕು?" ಎಂದು ಶಿಷ್ಯ ಕೇಳಿದ.

ಅವನ ಬೆರಳಲ್ಲಿ ಬಣ್ಣವಿತ್ತು, ಮುಖದಲ್ಲಿ ಸಿಟ್ಟಿತ್ತು. ಗುರುಗಳು ಎರಡನ್ನೂ ನೋಡಿದರು.

"ಹಠಕ್ಕೇನೂ ನಿನ್ನಲ್ಲಿ ಕೊರತೆಯಿಲ್ಲ. ನಿನ್ನನ್ನೂ ಮೀರಿಸಿದ ಹಠಮಾರಿ ಒಬ್ಬನಿದ್ದ, ಕೇಳು" ಎಂದರು.

ಒಂದೂರಿನಲ್ಲಿ ಒಬ್ಬ ಅಕ್ಕಸಾಲಿ ಇದ್ದ. ಒಡವೆಯಲ್ಲಿ ಕೂದಲೆಳೆಯಷ್ಟು ಕುಂದು ಕಂಡರೂ ಅದನ್ನು ಕರಗಿಸಿ ಮೊದಲಿನಿಂದ ಮಾಡುತ್ತಿದ್ದ. ಒಳ್ಳೆಯ ಅಭ್ಯಾಸವೇ. ಆದರೆ ಅದು ಅಂಗಡಿಯಲ್ಲಿ ಉಳಿಯದೆ ಅವನ ಹಿಂದೆಯೇ ಮನೆಗೂ ಬಂತು. ಸಾರಿನಲ್ಲಿ ಕುಂದು, ಹಾಸಿದ ಚಾಪೆಯಲ್ಲಿ ಕುಂದು, ಮಲಗಿದರೆ ದಿನವಿಡೀ ಮಾಡಿದ ಕೆಲಸದಲ್ಲೆಲ್ಲ ಕುಂದು. ನಿದ್ದೆ ಹೋಯಿತು. ಕೊನೆಗೆ ಕೈ ನಡುಗತೊಡಗಿತು.

ಆಗಲೇ ಅವನ ಮಗಳಿಗೆ ಹೆಣ್ಣು ಮಗು ಹುಟ್ಟಿತು. ಆ ಮನೆತನದಲ್ಲಿ ಮಗುವಿನ ಕಿವಿ ಚುಚ್ಚುವವನು ತಾತ. ಅವನ ಕಿವಿಯನ್ನು ಅವನ ತಾತ ಚುಚ್ಚಿದ್ದ, ಮಗಳ ಕಿವಿಯನ್ನು ಅವನ ತಂದೆ ಚುಚ್ಚಿದ್ದ. ಈಗ ಸರದಿ ಅವನದು. ಮಗಳು ತಂದೆಯ ಕೈಯನ್ನೇ ನೋಡುತ್ತಾ, "ಹೀಗೆ ನಡುಗೋದಾದ್ರೆ ಬೇಡಪ್ಪಾ, ಬೇರೆ ಯಾರ ಹತ್ರಾನಾದ್ರೂ ಚುಚ್ಚಿಸ್ತೀನಿ" ಎಂದಳು.

"ಚುಚ್ಚೋದು ನಾನೇ" ಎಂದ ಅಕ್ಕಸಾಲಿ. ಮರುದಿನವೇ ಊರಿನ ವೈದ್ಯನ ಬಳಿಗೆ ಹೋದ.

ವೈದ್ಯ ಕೈ ಹಿಡಿದು ನೋಡಿದ. ರೋಗವೇನೂ ಇಲ್ಲ, ಈ ಕೈಗೆ ಬಿಡುವಿಲ್ಲ ಅಷ್ಟೇ ಎಂದ. ಗೆಲ್ಲಲೇಬೇಕೆಂದಿಲ್ಲದ ಒಂದು ಕೆಲಸವನ್ನು ಇದಕ್ಕೆ ಕೊಡು ಎಂದು ಹೇಳಿ ಬಣ್ಣದ ಪೆಟ್ಟಿಗೆಯನ್ನೂ ಕುಂಚವನ್ನೂ ಕೊಟ್ಟು ಕಳಿಸಿದ.

ಅಕ್ಕಸಾಲಿ ಒಂದು ಬದನೆಕಾಯಿಯನ್ನು ಎದುರಿಗಿಟ್ಟುಕೊಂಡು ಕೂತ. ನೇರಳೆ ಬಣ್ಣ ಗೆರೆ ದಾಟಿ ಹರಿಯಿತು. ಅವನಿಗೆ ಗೊತ್ತಿದ್ದದ್ದು ಒಂದೇ ದಾರಿ: ತಪ್ಪಿದರೆ ಅಳಿಸಿ ಮೊದಲಿನಿಂದ ಮಾಡು. ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಹಚ್ಚಿದ. ಮತ್ತೆ ಒರೆಸಿದ. ಚಿನ್ನವನ್ನು ಎಷ್ಟು ಕರಗಿಸಿದರೂ ಅದು ಚಿನ್ನವೇ. ಪಾಪ, ಕಾಗದಕ್ಕೆ ಆ ಯೋಗ್ಯತೆ ಎಲ್ಲಿಂದ ಬರಬೇಕು? ಬಣ್ಣ ಕೆಸರಾಯಿತು, ಕಾಗದ ನವೆದು ತೂತಾಯಿತು. ಹರಿದು ಎಸೆದ. ಮರುದಿನ ಹಲ್ಲು ಕಚ್ಚಿ ಮತ್ತೆ ಕೂತ. ಅದರ ಮರುದಿನವೂ ಕೂತ. ಅವನ ಮುಖ ನೋಡಿ ಹೆಂಡತಿ ಬದನೆಕಾಯಿ ಪಲ್ಯ ಮಾಡುವುದನ್ನೇ ಬಿಟ್ಟಳು.

ಒಂದು ಸಂಜೆ ಎಂದಿನಂತೆ ಬಣ್ಣ ಗೆರೆ ದಾಟಿತು. ಎಂದಿನಂತೆ ಅವನ ಕೈ ಬಟ್ಟೆಯತ್ತ ಹೋಯಿತು. ಅಷ್ಟರಲ್ಲಿ ಮಗಳು ಬಂದವಳೇ ಕೂಸನ್ನು ಅವನ ಮಡಿಲಿಗೆ ಹಾಕಿ, ಕಾಲು ತೊಳೆಯಲು ಹಿತ್ತಲಿಗೆ ಹೋದಳು. ಅವನ ಒಂದು ಕೈ ಕೂಸಿನ ತಲೆಯ ಕೆಳಗೆ. ಇನ್ನೊಂದು ಕೈಯ ಬೆರಳನ್ನು ಕೂಸು ಹಿಡಿದುಕೊಂಡಿತು, ಬಿಡಲಿಲ್ಲ. ಬಣ್ಣ ಹರಿಯುತ್ತಿತ್ತು. ಅಕ್ಕಸಾಲಿಗೆ ನೋಡುತ್ತಾ ಕೂರುವುದಲ್ಲದೆ ಬೇರೆ ದಾರಿಯಿರಲಿಲ್ಲ.

ನೇರಳೆ ಮೆಲ್ಲಗೆ ಹೋಗಿ ತೊಟ್ಟಿನ ಹಸಿರಿಗೆ ಸೇರಿ ಅಲ್ಲಿಗೇ ನಿಂತಿತು. ಅಂಚು ಕಪ್ಪಾಯಿತು. ನಡುವೆ ಒಂದಿಷ್ಟು ಜಾಗ ತಿಳಿಯಾಗಿ ಉಳಿದು, ಕಾಯಿಯ ಮೇಲೆ ಬೆಳಕು ಬಿದ್ದ ಹಾಗೆ ಕಂಡಿತು. ಬಣ್ಣ ಒಣಗುವುದನ್ನು ಅವನು ಅದುವರೆಗೆ ನೋಡಿಯೇ ಇರಲಿಲ್ಲ. ಒಣಗಲು ಬಿಟ್ಟಿದ್ದರೆ ತಾನೇ? ಹಾಳೆಯ ಮೇಲೆ ಒಂದು ಸೊಟ್ಟ ಬದನೆಕಾಯಿ ಆರಾಮವಾಗಿ ಕೂತಿತ್ತು. ಅದನ್ನು ನೋಡಿ ಅಕ್ಕಸಾಲಿ ಗಟ್ಟಿಯಾಗಿ ನಕ್ಕುಬಿಟ್ಟ.

ಹೆಂಡತಿ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಓಡಿ ಬಂದಳು. "ಯಾರೇ ಬಂದಿರೋದು? ಗಂಡಸರು ನಕ್ಕ ಹಾಗಿತ್ತು!" ಎಂದು ಹಿತ್ತಲಿನಿಂದ ಬಂದ ಮಗಳನ್ನು ಕೇಳಿದಳು.

"ಅಪ್ಪ ಕಣಮ್ಮಾ" ಎಂದಳು ಮಗಳು.

ಮರುದಿನ ಮಡಿಲಲ್ಲಿ ಕೂಸಿರಲಿಲ್ಲ. ಅಕ್ಕಸಾಲಿ ಬಣ್ಣ ಹಚ್ಚಿದ, ಕುಂಚ ಕೆಳಗಿಟ್ಟ, ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತ. ಬಟ್ಟೆ ಪಕ್ಕದಲ್ಲೇ ಇತ್ತು. ಚಿನ್ನ ಬಡಿಯುವುದಕ್ಕೂ ಅವನಿಗೆ ಅಷ್ಟು ಹಠ ಬೇಕಾಗಿರಲಿಲ್ಲ. ಆದರೂ ಕೈ ತೆಗೆಯಲಿಲ್ಲ. ದಿನವೂ ಹಾಗೆಯೇ ಕೂತ. ಕೆಲವು ಚಿತ್ರ ಚೆನ್ನಾಗಿ ಬಂದವು, ಹೆಚ್ಚಿನವು ಕೆಟ್ಟವು, ಒಂದನ್ನೂ ಹರಿಯಲಿಲ್ಲ. ಬರಬರುತ್ತಾ ಮಧ್ಯಾಹ್ನದಿಂದಲೇ ಸಂಜೆಗಾಗಿ ಕಾಯತೊಡಗಿದ. ಮನೆಯಲ್ಲಿ ಮತ್ತೆ ಬದನೆಕಾಯಿ ಪಲ್ಯ ಆಯಿತು.

ಕಿವಿ ಚುಚ್ಚುವ ದಿನ ಬಂತು. ಮಗಳು ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಣ್ಣು ಮುಚ್ಚಿಕೊಂಡಳು. ಅಕ್ಕಸಾಲಿ ಚಿನ್ನದ ತಂತಿ ಹಿಡಿದ. ಕೈ ನಡುಗಲಿಲ್ಲ. ಕೂಸು ಅತ್ತಿತು. ತಾತನೂ ಅತ್ತ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತನ್ನ ಬೆರಳಿನ ಬಣ್ಣವನ್ನು ನೋಡಿಕೊಂಡ. ಆಮೇಲೆ, "ಗುರುಗಳೇ, ಕೂಸು ಮಡಿಲಲ್ಲಿದ್ದಾಗ ಒಣಗಿದ ಆ ಚಿತ್ರ ನಿಜಕ್ಕೂ ಚೆನ್ನಾಗಿತ್ತೇ?" ಎಂದು ಕೇಳಿದ.

ಗುರುಗಳು ಹೇಳಿದರು: "ಅವನ ನಗು ಅಡುಗೆಮನೆಯವರೆಗೆ ಕೇಳಿಸಿತು, ನಿನ್ನ ಕೋಣೆಯಿಂದ ನನಗೆ ಇದುವರೆಗೆ ಕೇಳಿಸಿದ್ದು ಹಾಳೆ ಹರಿಯುವ ಸದ್ದೊಂದೇ."